ಉಪ್ಪು ಕೊನೆಗೆ: ಹಣ್ಣು, ಸೊಪ್ಪಿನ ಸಲಾಡ್ ನೀರಾಗೋದು ಯಾಕೆ?

ಮೂರು ವರ್ಷದ ಹಿಂದಿನ ಮಾತು. ಯುಗಾದಿಗೆ ಎರಡು ದಿನ ಇರುವಾಗ ಆಫೀಸಿನಲ್ಲಿ ಎಲ್ಲರೂ ಮನೆಯಿಂದ ಒಂದೊಂದು ತಿಂಡಿ ತರಬೇಕು ಅಂತಾಯಿತು. ಒಬ್ಬರು ಹೋಳಿಗೆ ಅಂದರು, ಇನ್ನೊಬ್ಬರು ಮಾವಿನಕಾಯಿ ಚಿತ್ರಾನ್ನ ಅಂದರು. ನಾನು ಸ್ವಲ್ಪ ಜಂಬದಿಂದಲೇ ಸಲಾಡ್ ಅಂದೆ. ಎಳೆ ಪಾಲಕ್, ಲೆಟ್ಯೂಸ್, ಕಪ್ಪು ದ್ರಾಕ್ಷಿ, ಕಲ್ಲಂಗಡಿ, ಸೇಬು. ಬೆಳಿಗ್ಗೆ ಏಳಕ್ಕೇ ಎಲ್ಲ ಹೆಚ್ಚಿ, ಉಪ್ಪು ಎಣ್ಣೆ ನಿಂಬೆರಸ ಕಲಸಿ, ದೊಡ್ಡ ಡಬ್ಬಿಗೆ ತುಂಬಿದೆ. ನೋಡೋಕೆ ಎಷ್ಟು ಚೆಂದ ಇತ್ತು ಅಂದರೆ ಫೋಟೋ ಕೂಡ ತೆಗೆದಿದ್ದೆ.

ಮಧ್ಯಾಹ್ನ ಒಂದಕ್ಕೆ ಮುಚ್ಚಳ ತೆಗೆದರೆ ತಳದಲ್ಲಿ ಎರಡು ಬೆರಳು ಎತ್ತರಕ್ಕೆ ಗುಲಾಬಿ ಬಣ್ಣದ ನೀರು. ಸೊಪ್ಪು ಬೇಯಿಸಿದ ಹಾಗೆ ಮೆತ್ತಗಾಗಿ ಅದರಲ್ಲಿ ಮುಳುಗಿತ್ತು. ಸೇಬಿನ ಹೋಳು ಕಂದಾಗಿತ್ತು. ಪಕ್ಕದ ಮೇಜಿನ ಹಿರಿಯರೊಬ್ಬರು ಡಬ್ಬಿಯೊಳಗೆ ಇಣುಕಿ, "ಸಾರು ಘಮಘಮ ಅಂತಿದೆಯಮ್ಮ, ಅನ್ನ ಎಲ್ಲಿ?" ಅಂದರು.

ಸಂಜೆ ಅಮ್ಮನ ಹತ್ತಿರ ಹೇಳಿಕೊಂಡೆ. ಅವಳು ನಗಲೂ ಇಲ್ಲ. "ಕೋಸಂಬರಿಗೆ ಉಪ್ಪು ಯಾವಾಗ ಹಾಕ್ತಾರೆ? ಎಲೆ ಹಾಕಿದ ಮೇಲೆ ತಾನೇ? ನೀನು ಬೆಳಿಗ್ಗೇನೇ ಸುರಿದಿದ್ದೀಯಲ್ಲೇ" ಅಂದಳು.

ಅಷ್ಟೇ ವಿಷಯ. ಹಣ್ಣು, ಸೊಪ್ಪಿನ ಸಲಾಡ್ ಅನ್ನೋದು ಪೂರ್ತಿ ನೀರಿನ ಲೆಕ್ಕ. ನೀರು ಎಲೆಯ ಒಳಗೆ ಇರಬೇಕು, ಹೊರಗೆ ಇರಬಾರದು. ಈ ಒಂದು ಮಾತು ಹಿಡಿದುಕೊಂಡರೆ ತೊಳೆಯೋದು, ಒಣಗಿಸೋದು, ಎಣ್ಣೆ, ಉಪ್ಪು, ಹುಳಿ, ಹಣ್ಣಿನ ಆಯ್ಕೆ ಎಲ್ಲದರ ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎಲೆಯೊಳಗಿನ ಗಾಳಿ ಹೊಡೆದ ಟ್ಯೂಬು

ಲೆಟ್ಯೂಸ್ ಎಲೆಯ ತೂಕದಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಪಾಲಕ್‌ನಲ್ಲಿ 91 ಭಾಗ. ಹಾಗಿದ್ದೂ ಎಲೆ ನೀರಿನ ಹಾಗೆ ಜಾರೋದಿಲ್ಲ, ಮುರಿದರೆ ಕರಕ್ ಅನ್ನುತ್ತದೆ. ಯಾಕೆ? ಎಲೆ ಅಂದರೆ ಲಕ್ಷಗಟ್ಟಲೆ ಪುಟ್ಟ ಕೋಶಗಳು. ಒಂದೊಂದು ಕೋಶವೂ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ. ಗಾಳಿಯ ಬದಲು ಒಳಗೆ ನೀರು, ಹೊರಗೆ ಗಟ್ಟಿ ಗೋಡೆ. ನೀರು ಒಳಗಿಂದ ಗೋಡೆಯನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಎಲೆ ಬಿಗಿಯಾಗಿ ನಿಂತಿರುತ್ತದೆ. ನೀರು ಸೋರಿದರೆ ಟ್ಯೂಬು ಪುಸ್ ಅನ್ನುತ್ತದೆ. ಎಲೆ ಬಾಡುವುದು ಅಂದರೆ ಇದೇ.

ಈಗ ಮೇಲೆ ಉಪ್ಪು ಉದುರಿಸಿ ನೋಡಿ. ಎಲೆಯ ಮೇಲಿನ ತೇವದಲ್ಲಿ ಉಪ್ಪು ಕರಗುತ್ತದೆ. ಹೊರಗೆ ಉಪ್ಪಿನ ಅಂಶ ಜಾಸ್ತಿ, ಒಳಗೆ ಕಡಿಮೆ. ಕೋಶದ ಪೊರೆ ನೀರನ್ನು ಬಿಟ್ಟುಕೊಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಒಳಗಿನ ನೀರು ಉಪ್ಪಿರುವ ಕಡೆಗೆ ಹರಿದು ಹೊರಗೆ ಬರುತ್ತದೆ. ಶಾಲೆಯಲ್ಲಿ ಆಸ್ಮಾಸಿಸ್ ಅಂತ ಓದಿದ್ದು ಇದನ್ನೇ. ಸೌತೆಕಾಯಿಗೆ ಉಪ್ಪು ಹಚ್ಚಿ ಹತ್ತು ನಿಮಿಷ ಇಟ್ಟರೆ ತಟ್ಟೆ ತುಂಬ ನೀರು ಬರುತ್ತದಲ್ವಾ, ಅದೇ ಆಟ. ಉಪ್ಪಿನಕಾಯಿಗೆ ಮಾವಿನಕಾಯಿ ಹೋಳನ್ನು ಉಪ್ಪಿನಲ್ಲಿ ಇಡುವಾಗ ನಮಗೆ ಬೇಕಾಗಿರೋದೇ ಈ ನೀರು. ಸಲಾಡಿನಲ್ಲಿ ಬೇಡ.

ಸಕ್ಕರೆಯೂ ಇದೇ ಕೆಲಸ ಮಾಡುತ್ತದೆ. ಸ್ಟ್ರಾಬೆರಿ ಹೆಚ್ಚಿ ಸಕ್ಕರೆ ಉದುರಿಸಿ ಸುಮ್ನೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಕೆಂಪು ಪಾನಕವೇ ಸಿಗುತ್ತದೆ. ನನ್ನ ಡಬ್ಬಿಯಲ್ಲಿ ಉಪ್ಪೂ ಇತ್ತು, ಹೆಚ್ಚಿದ ಕಲ್ಲಂಗಡಿಯೂ ಇತ್ತು. ಕಲ್ಲಂಗಡಿಯಲ್ಲಿ 90 ಭಾಗಕ್ಕೂ ಜಾಸ್ತಿ ನೀರು, ಹೆಚ್ಚಿದಲ್ಲೆಲ್ಲ ಕೋಶಗಳು ಒಡೆದಿರುತ್ತವೆ. ಆರು ಗಂಟೆ ಹೊತ್ತು ಅವೆರಡನ್ನೂ ಒಟ್ಟಿಗೆ ಕೂಡಿಹಾಕಿದ್ದೆ. ಸಾರಾಗದೆ ಇನ್ನೇನಾಗುತ್ತದೆ?

ಮದುವೆ ಮನೆ ಭಟ್ಟರನ್ನು ಗಮನಿಸಿ. ಹೆಸರುಬೇಳೆ ನೆನೆಸಿರುತ್ತದೆ, ಸೌತೆಕಾಯಿ ಹೆಚ್ಚಿರುತ್ತದೆ, ಕಾಯಿತುರಿ, ಕೊತ್ತಂಬರಿ, ಸಾಸಿವೆ ಇಂಗಿನ ಒಗ್ಗರಣೆ ಎಲ್ಲ ಸಿದ್ಧ. ಆದರೆ ಪಂಕ್ತಿ ಕೂತ ಮೇಲೆಯೇ ಉಪ್ಪು ಹಾಕಿ ಕೈಯಲ್ಲಿ ಒಂದು ಸಲ ಕಲಸಿ ಬಡಿಸೋಕೆ ಕೊಡುತ್ತಾರೆ. ಆಸ್ಮಾಸಿಸ್ ಅನ್ನುವ ಹೆಸರು ಅವರಿಗೆ ಬೇಕಾಗಿಲ್ಲ.

ಮೊದಲು ನೀರು ಕುಡಿಸಿ, ಆಮೇಲೆ ಒಣಗಿಸಿ

ಇದೇ ಆಸ್ಮಾಸಿಸನ್ನು ತಿರುಗಿಸಿ ನಮ್ಮ ಕೆಲಸಕ್ಕೂ ಬಳಸಿಕೊಳ್ಳಬಹುದು. ಮಾರುಕಟ್ಟೆಯಿಂದ ತಂದ ಸೊಪ್ಪು ಮಾರ್ಚ್ ಬಿಸಿಲಿಗೆ ಸ್ವಲ್ಪ ಸೊರಗಿರುತ್ತದೆ. ದೊಡ್ಡ ಬೇಸಿನ್ನಿನಲ್ಲಿ ತಣ್ಣೀರು ತುಂಬಿ, ಬೇಕಿದ್ದರೆ ನಾಲ್ಕು ಐಸ್ ತುಂಡು ಹಾಕಿ, ಸೊಪ್ಪನ್ನು ಅದರಲ್ಲಿ ಹದಿನೈದು ಇಪ್ಪತ್ತು ನಿಮಿಷ ಮುಳುಗಿಸಿ. ಈಗ ಹೊರಗೆ ಬರೀ ನೀರು, ಒಳಗೆ ಎಲೆಯ ಸ್ವಂತ ಲವಣ, ಸಕ್ಕರೆ. ಹಾಗಾಗಿ ನೀರು ಒಳಕ್ಕೆ ಹೋಗುತ್ತದೆ. ಬಾಡಿದ ಕೊತ್ತಂಬರಿ ಕಟ್ಟು ಲೋಟದ ನೀರಿನಲ್ಲಿ ನಿಂತು ಎದ್ದು ಕೂರುವುದು ಹೀಗೆಯೇ. ಪೂರ್ತಿ ಕೊಳೆತದ್ದು ಮಾತ್ರ ಏಳುವುದಿಲ್ಲ. ಅಲ್ಲಿ ಗೋಡೆಯೇ ಕುಸಿದಿರುತ್ತದೆ.

ತೊಳೆಯುವಾಗ ಒಂದು ಸಣ್ಣ ವಿಷಯ. ಸೊಪ್ಪನ್ನು ನೀರಿನಿಂದ ಮೇಲಕ್ಕೆ ಎತ್ತಿ ತೆಗೆಯಬೇಕು. ಬೇಸಿನ್ನನ್ನು ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಪಾಲಕ್ ಬುಡದಲ್ಲಂತೂ ಮಣ್ಣು ಜಾಸ್ತಿ, ಮೂರು ನೀರು ಬೇಕೇ ಬೇಕು.

ಆಮೇಲಿನ ಕೆಲಸವನ್ನು ಎಲ್ಲರೂ ಅರ್ಧಕ್ಕೆ ಬಿಡುತ್ತಾರೆ. ಎಲೆಯ ಮೇಲೆ ಉಳಿದ ನೀರನ್ನು ತೆಗೆಯಬೇಕು. ಎಣ್ಣೆ, ನೀರು ಸೇರುವುದಿಲ್ಲ. ಒದ್ದೆ ಎಲೆಗೆ ಡ್ರೆಸಿಂಗ್, ಅಂದರೆ ಎಣ್ಣೆ ಹುಳಿ ಬೆರೆಸಿದ ರಸ, ಹಾಕಿದರೆ ಅದು ಜಾರಿ ತಳ ಸೇರುತ್ತದೆ. ಮೇಲಿನ ಎಲೆ ಸಪ್ಪೆ, ಕೆಳಗಿನದು ಬರೀ ಹುಳಿ. ಇದಕ್ಕೆಂದೇ ತಿರುಗುವ ಪ್ಲಾಸ್ಟಿಕ್ ಬುಟ್ಟಿ ಸಿಗುತ್ತದೆ. ನಮ್ಮ ಮನೆಯಲ್ಲಿ ಅದಿಲ್ಲ. ನಾನು ಮಾಡೋದು ಹೀಗೆ. ಹಳೇ ಕಾಟನ್ ಟವೆಲ್ ಹಾಸಿ, ಸೊಪ್ಪನ್ನು ಮಧ್ಯೆ ಸುರಿದು, ನಾಲ್ಕೂ ಮೂಲೆ ಸೇರಿಸಿ ಗಂಟಿನ ಹಾಗೆ ಹಿಡಿಯುತ್ತೇನೆ. ತಾರಸಿಗೆ ಹೋಗಿ ತೋಳು ಚಾಚಿ, ಬಾವಿಗೆ ಬಿಂದಿಗೆ ಎಸೆಯೋಕೆ ಹೊರಟವಳ ಹಾಗೆ ಹದಿನೈದು ಸುತ್ತು ಗಿರಗಿರ ತಿರುಗಿಸುತ್ತೇನೆ. ಎದುರು ಮನೆಯ ಮಗು ಇದನ್ನು ನೋಡೋಕೆ ಕಾಯುತ್ತಿರುತ್ತದೆ. ಬಿಚ್ಚಿದರೆ ಟವೆಲ್ ಒದ್ದೆ, ಎಲೆ ಒಣ. ಒಂದು ಎಲೆಯನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು.

ಎಲೆಯನ್ನು ಬಾಡಿಸೋದು ಎಣ್ಣೆ

ನಾನೂ ಬಹಳ ದಿನ ತಪ್ಪು ತಿಳಿದಿದ್ದೆ. ನಿಂಬೆರಸವೋ ವಿನೆಗರ್ರೋ ಎಲೆಯನ್ನು ಸುಡುತ್ತದೆ, ಎಣ್ಣೆ ಕಾಪಾಡುತ್ತದೆ ಅಂದುಕೊಂಡಿದ್ದೆ. ನಿಜ ಹೆಚ್ಚುಕಮ್ಮಿ ಉಲ್ಟಾ.

ಎಲೆಯ ಮೇಲೆ ತೆಳ್ಳನೆಯ ಮೇಣದ ಪದರ ಇರುತ್ತದೆ. ಮಳೆಹನಿ ಕೆಸುವಿನ ಎಲೆಯ ಮೇಲೆ ಮುತ್ತಾಗಿ ಉರುಳುವುದು ಈ ಮೇಣದಿಂದ. ನೀರಿನಂಥ ದ್ರವಗಳು, ನಿಂಬೆರಸವೂ ಸೇರಿ, ಇದನ್ನು ಬೇಗ ದಾಟುವುದಿಲ್ಲ. ಆದರೆ ಮೇಣಕ್ಕೆ ಎಣ್ಣೆ ನೆಂಟ. ಎಣ್ಣೆ ಮೇಣದ ಪದರದಲ್ಲಿ ಹರಡಿ, ಸಣ್ಣ ಬಿರುಕುಗಳಲ್ಲಿ ಇಳಿದು, ಎಲೆಯೊಳಗೆ ಗಾಳಿ ಇರುವ ಜಾಗಗಳನ್ನು ತುಂಬುತ್ತದೆ. ಆಗ ಎಲೆ ಕಪ್ಪು ಹಸಿರಾಗಿ, ಪಾರದರ್ಶಕವಾಗಿ, ಮೆತ್ತಗಾಗುತ್ತದೆ. ಬೇಕಿದ್ದರೆ ಎರಡು ಲೆಟ್ಯೂಸ್ ಎಲೆ ತಗೊಳ್ಳಿ. ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಎಣ್ಣೆ ಸವರಿದ್ದು ಮೊದಲು ಸೋಲುತ್ತದೆ.

ಹಾಗಂತ ಹುಳಿ ಏನೂ ಮಾಡುವುದಿಲ್ಲ ಅಂತಲ್ಲ. ಹೊತ್ತು ಹೋದ ಹಾಗೆ ಹುಳಿ ಹಸಿರು ಬಣ್ಣವನ್ನು ಮಂಕು ಮಾಡುತ್ತದೆ. ಎಲೆಗೆ ಹಸಿರು ಕೊಡುವ ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಸಿಯಂ ಕಣ ಕೂತಿರುತ್ತದೆ, ಹುಳಿ ಅದನ್ನು ಕಿತ್ತು ಹಾಕುತ್ತದೆ. ಉಳಿದದ್ದು ಕಾಯಿ ಬಾಡಿದಂಥ ಕಂದು ಹಸಿರು. ಹುಳಿ ಹಾಕಿ ಬೇಯಿಸಿದ ಸೊಪ್ಪಿನ ಬಣ್ಣ ನೆನಪು ಮಾಡಿಕೊಳ್ಳಿ.

ಒಟ್ಟಿನಲ್ಲಿ ಉಪ್ಪು ನೀರು ಎಳೆಯುತ್ತದೆ, ಎಣ್ಣೆ ಎಲೆಯೊಳಗೆ ನುಗ್ಗುತ್ತದೆ, ಹುಳಿ ಬಣ್ಣ ತೆಗೆಯುತ್ತದೆ. ಮೂರಕ್ಕೂ ಸಮಯ ಬೇಕು. ಆ ಸಮಯ ಕೊಡದೇ ಇದ್ದರೆ ಆಯಿತು.

ಡ್ರೆಸಿಂಗನ್ನು ಮಾತ್ರ ಬೆಳಿಗ್ಗೆಯೇ ಮಾಡಿ ಬಾಟಲಿಯಲ್ಲಿ ಇಡಬಹುದು. ಫ್ರೆಂಚರ ಹಳೇ ಅಳತೆ ಮೂರು ಪಾಲು ಎಣ್ಣೆಗೆ ಒಂದು ಪಾಲು ಹುಳಿ. ಹಣ್ಣು ಇರುವ ಸಲಾಡಿಗೆ ನನಗೆ ಎರಡಕ್ಕೆ ಒಂದು ಹಿಡಿಸುತ್ತದೆ. ನಮ್ಮ ನಾಲಿಗೆಗೆ ಹುಳಿ ಸ್ವಲ್ಪ ಮುಂದಿರಬೇಕು. ಬಾಟಲಿ ಕುಲುಕಿದರೆ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಬೆರೆತ ಹಾಗೆ ಕಾಣುತ್ತದೆ, ಎರಡೇ ನಿಮಿಷದಲ್ಲಿ ಮತ್ತೆ ಬೇರೆ. ಅದಕ್ಕೆ ಅರ್ಧ ಚಮಚ ಸಾಸಿವೆ ಪುಡಿ ಬೇಕು. ಸಾಸಿವೆಯ ಪುಡಿ, ಅದರ ಲೋಳೆ ಎಣ್ಣೆ ಹನಿಗಳ ಸುತ್ತ ಕೂತು ಅವು ಮತ್ತೆ ಒಂದಾಗದಂತೆ ತಡೆಯುತ್ತವೆ. ಒಂದು ಚಮಚ ಜೇನುತುಪ್ಪವೂ ದಪ್ಪ ಕೊಟ್ಟು ಸಹಾಯ ಮಾಡುತ್ತದೆ. ಆಲಿವ್ ಎಣ್ಣೆಯೇ ಆಗಬೇಕು ಅಂತಿಲ್ಲ. ಗಾಣದ ಕಡಲೆಕಾಯಿ ಎಣ್ಣೆ ಸೀಬೆ, ದ್ರಾಕ್ಷಿ ಜೊತೆ ಸೊಗಸಾಗಿ ಹೊಂದುತ್ತದೆ. ಎಳ್ಳೆಣ್ಣೆ ವಾಸನೆ ಜೋರು, ಕಾಲು ಪಾಲು ಸಾಕು.

ನಮ್ಮ ವಸಂತದಲ್ಲಿ ಯಾವ ಸೊಪ್ಪು?

ವಸಂತದ ಸಲಾಡ್ ಅನ್ನುವ ಕಲ್ಪನೆ ಹಿಮ ಬೀಳುವ ದೇಶಗಳದ್ದು. ಅಲ್ಲಿ ನಾಲ್ಕು ತಿಂಗಳು ಹೆಪ್ಪುಗಟ್ಟಿದ ನೆಲದಿಂದ ಮೊದಲು ಮೇಲೆ ಬರುವುದು ಎಳೆ ಸೊಪ್ಪು. ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್‌ನಲ್ಲಿ ಹಲವು ಬಗೆಯ ಎಳೆ ಎಲೆಗಳನ್ನು ಒಟ್ಟಿಗೆ ಕೊಯ್ದು ಮೆಸ್ಕ್ಲೂನ್ ಅಂತ ಮಾರುತ್ತಿದ್ದರು. ಆ ಮಾತಿನ ಅರ್ಥವೇ ಬೆರಕೆ. ಅಮೆರಿಕದಲ್ಲಿರುವ ನನ್ನ ತಂಗಿ ಅಂಗಡಿಯಿಂದ ಸ್ಪ್ರಿಂಗ್ ಮಿಕ್ಸ್ ಅಂತ ಪ್ಲಾಸ್ಟಿಕ್ ಡಬ್ಬಿ ತರುತ್ತಾಳೆ, ಅದು ಇದರ ಮೊಮ್ಮಗು.

ನಮ್ಮ ಕಡೆ ಲೆಕ್ಕ ಬೇರೆ. ಪಾಲಕ್, ಮೆಂತ್ಯ, ಕೊತ್ತಂಬರಿ, ಲೆಟ್ಯೂಸ್ ಎಲ್ಲ ಚಳಿಗೆ ಖುಷಿಪಡುವ ಸೊಪ್ಪುಗಳು. ಚೈತ್ರ ಬರುವ ಹೊತ್ತಿಗೆ ಹೊಂಗೆ, ಮಾವು ಚಿಗುರುತ್ತವೆ, ಆದರೆ ಈ ಸೊಪ್ಪುಗಳಿಗೆ ಅವಸರ ಶುರುವಾಗಿರುತ್ತದೆ. ಬಿಸಿಲು ತಟ್ಟಿದ ಕೂಡಲೇ ದಂಟು ಎತ್ತಿ ಹೂ ಬಿಡುತ್ತವೆ. ಹೂ ಬಿಟ್ಟ ಲೆಟ್ಯೂಸ್ ಕಹಿ, ಹೂ ಬಿಟ್ಟ ಕೊತ್ತಂಬರಿ ಎಲೆ ನೂಲಿನ ಹಾಗೆ ಸಣ್ಣ. ಅದಕ್ಕೇ ಯುಗಾದಿ ಹೊತ್ತಿಗೆ ಸೊಪ್ಪು ಆರಿಸುವಾಗ ಕಟ್ಟಿನ ನಡುವೆ ಬೆರಳು ಹಾಕಿ ದಂಟು ನೋಡಿ. ದಪ್ಪ ದಂಟು, ಮೊಗ್ಗು ಕಂಡರೆ ಅದು ಸಾಂಬಾರಿಗೆ. ಸಲಾಡಿಗೆ ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಪುಟ್ಟ ಎಲೆ ಬೇಕು.

ನಾನು ಬಳಸೋದು ಎಳೆ ಪಾಲಕ್, ಲೆಟ್ಯೂಸ್, ಒಂದು ಹಿಡಿ ಪುದೀನ, ಸ್ವಲ್ಪ ಸಬ್ಬಸಿಗೆ, ನಾಲ್ಕು ಚಿಟಿಕೆ ಎಳೆ ಮೆಂತ್ಯ. ತೀರ್ಥಹಳ್ಳಿ ಕಡೆಯಿಂದ ಯಾರಾದರೂ ಒಂದೆಲಗ ತಂದುಕೊಟ್ಟರೆ ಅದೂ. ಒಂದೆಲಗವನ್ನು ಹಸಿಯಾಗಿಯೇ ರುಬ್ಬಿ ತಂಬುಳಿ ಮಾಡುವ ನಮಗೆ ಹಸಿ ಸೊಪ್ಪು ಹೊಸದೇನಲ್ಲ.

ಆದರೆ ಎಲ್ಲ ಸೊಪ್ಪೂ ಹಸಿಗೆ ಸಲ್ಲುವುದಿಲ್ಲ. ಕೆಸುವಿನ ಎಲೆ ಹಸಿಯಾಗಿ ಬಾಯಿಗೆ ಹಾಕಿದರೆ ಗಂಟಲು ಕೆರೆಯುತ್ತದೆ. ಅದರಲ್ಲಿರುವ ಆಕ್ಸಲೇಟ್ ಹರಳುಗಳು ಸೂಜಿಯ ಹಾಗಿರುತ್ತವೆ. ಪತ್ರೊಡೆಗೆ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಸುಮ್ನೆ ಅಲ್ಲ. ಇನ್ನೊಂದು ಚಕ್ರಮುನಿ ಸೊಪ್ಪು. ವಿಟಮಿನ್ ಸೊಪ್ಪು ಅಂತ ಹಿತ್ತಲಲ್ಲಿ ಬೆಳೆಸುವವರು ಬಹಳ ಜನ. ತೈವಾನಿನಲ್ಲಿ 1990ರ ದಶಕದ ಮಧ್ಯದಲ್ಲಿ ತೂಕ ಇಳಿಸಲು ಇದರ ಹಸಿ ರಸವನ್ನು ದಿನಾ ಕುಡಿದವರಲ್ಲಿ ಅನೇಕರಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಕೊಳ್ಳುವ ಗಂಭೀರ ಕಾಯಿಲೆ ಬಂತು, ಸಾವುಗಳೂ ಆದವು. ಸಲಾಡಿಗೆ ಚಕ್ರಮುನಿ ಬೇಡವೇ ಬೇಡ.

ಹಸಿ ಪಾಲಕ್‌ನಲ್ಲೂ ಆಕ್ಸಲೇಟ್ ಜಾಸ್ತಿ. ಕಿಡ್ನಿ ಕಲ್ಲಿನ ತೊಂದರೆ ಇರುವವರು ಲೆಟ್ಯೂಸ್ ಕಡೆ ವಾಲುವುದು ಒಳ್ಳೆಯದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರಂತ ಏರಿಸುವ ಮೊದಲು ಡಾಕ್ಟರನ್ನು ಕೇಳಬೇಕು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ವಿರುದ್ಧ ದಿಕ್ಕಿಗೆ ಎಳೆಯುತ್ತದೆ.

ಹಣ್ಣು: ನೀರು, ಕಹಿ, ಕಂದು

ಹಣ್ಣನ್ನು ನಾನು ರುಚಿಗಿಂತ ಮೊದಲು ನೀರಿನ ಕಣ್ಣಲ್ಲಿ ನೋಡುತ್ತೇನೆ. ಸೀಬೆ, ಸೇಬು, ಇಡೀ ದ್ರಾಕ್ಷಿ, ದಾಳಿಂಬೆ ಕಾಳು ತಮ್ಮ ನೀರನ್ನು ತಾವೇ ಹಿಡಿದುಕೊಳ್ಳುತ್ತವೆ. ದ್ರಾಕ್ಷಿಯನ್ನು ಇಡಿಯಾಗಿ ಹಾಕಿದರೆ ಸಿಪ್ಪೆಯೇ ಮುಚ್ಚಳ, ಸೀಳಿದರೆ ಹೋಯಿತು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮಾತ್ರ ಗಂಟಲಿಗೆ ಸಿಕ್ಕದಂತೆ ಉದ್ದಕ್ಕೆ ಸೀಳಲೇಬೇಕು, ಅಲ್ಲಿ ನೀರಿನ ಲೆಕ್ಕ ಬದಿಗಿಡಿ. ಕಲ್ಲಂಗಡಿ, ಕರಬೂಜ, ಕಿತ್ತಳೆ ತೊಳೆ ಬಡಿಸುವ ಕ್ಷಣಕ್ಕೆ ಮೇಲೆ ಇಡುವಂಥವು. ಮಾಗಿದ ಪರಂಗಿ ಸೊಪ್ಪಿನ ಜೊತೆ ಕಲಸಿದರೆ ಮುದ್ದೆಯಾಗುತ್ತದೆ, ಹದವಾಗಿ ಗಟ್ಟಿ ಇರುವುದನ್ನು ಆರಿಸಿ.

ಅನಾನಸ್ ಹಾಕುವ ಆಸೆ ಇದ್ದರೆ ಡ್ರೆಸಿಂಗಿಗೆ ಮೊಸರು ಬೇಡ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ, ಆ ತುಂಡುಗಳು ಕಹಿ. ಅರ್ಧ ಗಂಟೆ ಕಳೆದ ಅನಾನಸ್ ರಾಯತ ಕಹಿಯಾಗಿ ಮೊಸರು ಕೆಟ್ಟಿದೆ ಅಂತ ಬೈದವರು ಎಷ್ಟೋ ಜನ. ಮೊಸರಿನ ತಪ್ಪಿಲ್ಲ. ಅನಾನಸನ್ನು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕಿವಿ ಹಣ್ಣಿಗೂ ಇದೇ ಮಾತು.

ಸೇಬು ಕಂದಾಗುವುದೂ ಒಂದು ಕಿಣ್ವದ ಕೆಲಸವೇ. ಹೆಚ್ಚಿದಾಗ ಕೋಶ ಒಡೆದು, ಅಲ್ಲಿಯವರೆಗೆ ಬೇರೆ ಬೇರೆ ಕೋಣೆಯಲ್ಲಿದ್ದ ಕಿಣ್ವವೂ ಫಿನಾಲ್ ಅನ್ನುವ ವಸ್ತುಗಳೂ ಗಾಳಿಯ ಎದುರು ಭೇಟಿಯಾಗುತ್ತವೆ. ನಿಂಬೆರಸದ ಹುಳಿ ಆ ಕಿಣ್ವವನ್ನು ಮಂಕು ಮಾಡುತ್ತದೆ, ಅದರ ವಿಟಮಿನ್ ಸಿ ಬಣ್ಣ ಹುಟ್ಟುವುದನ್ನು ತಡೆಹಿಡಿಯುತ್ತದೆ. ನಾನು ಅವತ್ತು ಸೇಬನ್ನು ಎಲ್ಲಕ್ಕಿಂತ ಮೊದಲು ಹೆಚ್ಚಿ, ತಟ್ಟೆಯಲ್ಲಿ ಬಿಟ್ಟು, ಉಳಿದದ್ದೆಲ್ಲ ಮುಗಿಸಿ ಕೊನೆಗೆ ನಿಂಬೆ ಹಿಂಡಿದ್ದೆ. ಅಷ್ಟರಲ್ಲಿ ಕೆಲಸ ಶುರುವಾಗಿತ್ತು. ಹೆಚ್ಚಿದ ಕೂಡಲೇ ನಿಂಬೆ ಬೆರೆಸಿದ ನೀರಿಗೆ ಬೀಳಿಸಬೇಕು. ಚಾಕು ಮೊಂಡಾಗಿದ್ದರೆ ಕೋಶ ಇನ್ನೂ ಜಾಸ್ತಿ ಜಜ್ಜಿಹೋಗುತ್ತದೆ. ಪುದೀನ ಎಲೆ ಅಂಚಿನಲ್ಲಿ ಕಪ್ಪಾಗುವುದೂ ಮೊಂಡು ಚಾಕುವಿನಿಂದಲೇ. ಅದಕ್ಕೇ ಪುದೀನವನ್ನು ಕೈಯಲ್ಲಿ ಬಿಡಿಸಿ ಇಡೀ ಎಲೆ ಹಾಕುವುದು ಸುಲಭ.

ಇನ್ನು ರುಚಿ. ಸೊಪ್ಪಿನ ಕಹಿ, ಹಣ್ಣಿನ ಸಿಹಿ ಒಂದೇ ತುತ್ತಿನಲ್ಲಿ ಸಿಕ್ಕಬೇಕು. ಬೇವು ಬೆಲ್ಲ ತಿಂದು ವರ್ಷ ಶುರು ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಸೋಜಿಗ ಇದೆ. ಕಹಿಯನ್ನು ತಗ್ಗಿಸುವುದರಲ್ಲಿ ಉಪ್ಪು ಗಟ್ಟಿಗ. ಉಪ್ಪಿನ ಸೋಡಿಯಂ ನಾಲಿಗೆಯ ಮೇಲೆ ಕಹಿಯ ಅನುಭವವನ್ನೇ ಕುಗ್ಗಿಸುತ್ತದೆ. ಎಳೆ ಮೆಂತ್ಯ ಎಲೆಯನ್ನು ಬರಿದಾಗಿ ಒಂದು, ಉಪ್ಪು ಸೋಕಿಸಿ ಒಂದು ತಿಂದು ನೋಡಿ. ಹಾಗಾಗಿ ಉಪ್ಪು ಬಿಡುವ ಹಾಗಿಲ್ಲ, ತಡ ಮಾಡಬೇಕು ಅಷ್ಟೇ.

ಹಣ್ಣೂ ಸೊಪ್ಪೂ ಒಟ್ಟಿಗೆ ತಿನ್ನುವುದರಿಂದ ಆಗುವ ಲಾಭವೂ ಇದೆ. ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗೂ ಜಾಸ್ತಿ ವಿಟಮಿನ್ ಸಿ ಇದೆ, ಕಿತ್ತಳೆಯಲ್ಲಿ ಸುಮಾರು 50. ಬಡವರ ಸೇಬು ಅಂತ ಸೀಬೆಗೆ ಹೆಸರಿಟ್ಟವರು ಸೇಬಿಗೇ ಮರ್ಯಾದೆ ಮಾಡಿದರು ಅನ್ನಬೇಕು.

ಎಣ್ಣೆ ಬೇಡ, ಡಯಟ್ ಅನ್ನುವವರಿಗೂ ಒಂದು ಮಾತು. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು ಒಂದೇ ಥರದ ಸಲಾಡನ್ನು ಎಣ್ಣೆ ಇಲ್ಲದೆ, ಸ್ವಲ್ಪ ಎಣ್ಣೆಯಲ್ಲಿ, ಜಾಸ್ತಿ ಎಣ್ಣೆಯಲ್ಲಿ ತಿನ್ನಿಸಿ ರಕ್ತ ಪರೀಕ್ಷೆ ಮಾಡಿದರು. 2004ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಎಣ್ಣೆ ಇಲ್ಲದ ಸಲಾಡಿನಿಂದ ಕ್ಯಾರೊಟಿನ್ ಹೀರಿದ್ದು ಇಲ್ಲವೆನ್ನುವಷ್ಟು ಕಡಿಮೆ. ಕ್ಯಾರೊಟಿನ್ ಅಂದರೆ ಸೊಪ್ಪು, ಕ್ಯಾರೆಟ್ಟಿನಲ್ಲಿರುವ, ದೇಹ ವಿಟಮಿನ್ ಎ ಮಾಡಿಕೊಳ್ಳುವ ಬಣ್ಣದ ವಸ್ತು, ಅದು ಕೊಬ್ಬಿನಲ್ಲಿ ಕರಗುವಂಥದ್ದು. ಕೋಸಂಬರಿಯ ಒಗ್ಗರಣೆ, ಕಾಯಿತುರಿ ಇದ್ದದ್ದು ಬರೀ ಘಮಕ್ಕಲ್ಲ ಅಂತಾಯಿತು.

ಒಂದು ಬಟ್ಟಲು ಕಟ್ಟೋಣ

ನಾಲ್ಕು ಜನಕ್ಕೆ ನನ್ನ ಅಳತೆ ಹೇಳುತ್ತೇನೆ. ಎಳೆ ಪಾಲಕ್ ನೂರು ಗ್ರಾಂ, ಲೆಟ್ಯೂಸ್ ಅರ್ಧ ಗಡ್ಡೆ, ಪುದೀನ ಒಂದು ಹಿಡಿ, ಎಳೆ ಮೆಂತ್ಯ ನಾಲ್ಕು ಚಿಟಿಕೆ. ಗಟ್ಟಿ ಸೀಬೆ ಒಂದು, ಕಪ್ಪು ದ್ರಾಕ್ಷಿ ಒಂದು ಬಟ್ಟಲು, ಕಿತ್ತಳೆ ಒಂದು, ತೋತಾಪುರಿ ಮಾವಿನಕಾಯಿ ಕಾಲು ಭಾಗ ತೆಳ್ಳಗೆ ಸೀಳಿದ್ದು. ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಒಂದು ಹಿಡಿ. ಡ್ರೆಸಿಂಗಿಗೆ ಎಣ್ಣೆ ನಾಲ್ಕು ಚಮಚ, ನಿಂಬೆರಸ ಎರಡು, ಜೇನು ಒಂದು, ಸಾಸಿವೆ ಪುಡಿ ಅರ್ಧ, ಕುಟ್ಟಿದ ಮೆಣಸು ಚಿಟಿಕೆ. ಮಾವಿನಕಾಯಿ ತೀರ ಹುಳಿ ಇದ್ದರೆ ನಿಂಬೆ ಒಂದೇ ಚಮಚ ಸಾಕು.

ಅಗಲ ಬಾಯಿಯ ಪಾತ್ರೆ ತಗೊಳ್ಳಿ, ಆಳದ ಪಾತ್ರೆಯಲ್ಲಿ ಕೆಳಗಿನ ಎಲೆ ಭಾರಕ್ಕೆ ಜಜ್ಜಿಹೋಗುತ್ತದೆ. ಡ್ರೆಸಿಂಗನ್ನು ಎಲೆಯ ಮೇಲೆ ಸುರಿಯಬೇಡಿ, ಪಾತ್ರೆಯ ಒಳಗೋಡೆಗೆ ಸುತ್ತಲೂ ಹಾಕಿ. ಒಣಗಿದ ಸೊಪ್ಪು ಹಾಕಿ, ಎರಡೂ ಕೈ ಬೆರಳು ಅಗಲಿಸಿ ಬುಡದಿಂದ ಮೇಲಕ್ಕೆ ಎತ್ತಿ ಬಿಡಿ. ಅವಲಕ್ಕಿಗೆ ಒಗ್ಗರಣೆ ಬೆರೆಸುವ ಹಾಗೆ, ಒತ್ತದೆ. ಎಂಟು ಹತ್ತು ಸಲ ಸಾಕು. ಎಲೆಗೆ ತೆಳ್ಳಗೆ ಹೊಳಪು ಬಂದು, ಪಾತ್ರೆಯ ತಳದಲ್ಲಿ ಏನೂ ನಿಂತಿರಬಾರದು. ಆಮೇಲೆ ಸೀಬೆ, ದ್ರಾಕ್ಷಿ, ಮಾವಿನಕಾಯಿ. ಕಿತ್ತಳೆ ಮೇಲೆ. ಕಡಲೆಕಾಯಿ ಬೀಜ ಅದರ ಮೇಲೆ, ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ಎಲ್ಲರೂ ಕೂತರಾ? ಈಗ ಉಪ್ಪು. ಕಲ್ಲುಪ್ಪನ್ನು ದಪ್ಪಗೆ ಕುಟ್ಟಿ ಉದುರಿಸಿದರೆ ಕರಗೋಕೆ ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ, ಹಲ್ಲಿಗೆ ಸಿಕ್ಕಿದಾಗ ರುಚಿಯೂ ಹೌದು.

ಆಫೀಸಿಗೆ ಒಯ್ಯುವುದಿದ್ದರೆ ಸೊಪ್ಪು ಒಂದು ಡಬ್ಬಿ, ಹಣ್ಣು ಇನ್ನೊಂದು, ಡ್ರೆಸಿಂಗ್ ಪುಟ್ಟ ಬಾಟಲಿ, ಉಪ್ಪು ಪೊಟ್ಟಣದಲ್ಲಿ. ಸೊಪ್ಪಿನ ಡಬ್ಬಿಯ ತಳಕ್ಕೆ ಒಂದು ಟಿಶ್ಯೂ ಹಾಸಿ. ಅಲ್ಲಿ ಹೋದ ಕೂಡಲೇ ಫ್ರಿಜ್ಜಿಗೆ. ಹೆಚ್ಚಿದ ಹಣ್ಣು, ಸೊಪ್ಪು ಕೋಣೆಯ ಶಾಖದಲ್ಲಿ ಎರಡು ಗಂಟೆ ಮೀರಬಾರದು, 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ನಮ್ಮ ಬಹಳ ಊರುಗಳಲ್ಲಿ ಮಾರ್ಚ್ ಮಧ್ಯಾಹ್ನ ಅಂದರೆ ಅದೇ. ಕಲ್ಲಂಗಡಿ, ಕರಬೂಜವನ್ನು ಹೆಚ್ಚುವ ಮೊದಲು ಹೊರಗಿನ ಸಿಪ್ಪೆ ಉಜ್ಜಿ ತೊಳೆಯಬೇಕು. ಸಿಪ್ಪೆ ತಿನ್ನುವುದಿಲ್ಲ ನಿಜ, ಆದರೆ ಚಾಕು ಸಿಪ್ಪೆಯ ಮೇಲಿನ ರೋಗಾಣುಗಳನ್ನು ತಿರುಳಿನೊಳಗೆ ಎಳೆದುಕೊಂಡು ಹೋಗುತ್ತದೆ.

ಹೆಚ್ಚದೆ ಇಡುವಾಗಲೂ ಹಣ್ಣನ್ನೂ ಸೊಪ್ಪನ್ನೂ ಒಟ್ಟಿಗೆ ಇಡಬೇಡಿ. ತಟ್ಟೆಯಲ್ಲಿ ಸ್ನೇಹಿತರು, ಫ್ರಿಜ್ಜಿನಲ್ಲಿ ಅಲ್ಲ. ಮಾಗುವ ಸೇಬು, ಬಾಳೆ, ಪರಂಗಿ, ಮಾವು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಅದು ಸೊಪ್ಪನ್ನು ಬೇಗ ಮುದಿ ಮಾಡಿ ಹಳದಿಗೆ ತಿರುಗಿಸುತ್ತದೆ. ಪಾಲಕ್ ಕಟ್ಟು ಎರಡೇ ದಿನಕ್ಕೆ ಹಳದಿಯಾದರೆ ಪಕ್ಕದಲ್ಲಿ ಸೇಬಿನ ಚೀಲ ಇದೆಯಾ ನೋಡಿ.

ಕಲಸಿದ್ದು ಉಳಿದರೆ? ಎಷ್ಟು ಜಾಗ್ರತೆ ಮಾಡಿದರೂ ಅದು ರಾತ್ರಿಯೊಳಗೆ ನೀರು ಬಿಡುತ್ತದೆ. ನಾನು ಹಣ್ಣಿನ ಹೋಳುಗಳನ್ನು ಆರಿಸಿ ತಿಂದುಬಿಡುತ್ತೇನೆ, ಬಾಡಿದ ಸೊಪ್ಪನ್ನು ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಅದನ್ನು ಸಣ್ಣಗೆ ಹೆಚ್ಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಜೊತೆ ಅಕ್ಕಿ ಹಿಟ್ಟಿಗೆ ಸೇರಿಸುತ್ತೇನೆ. ತಳದಲ್ಲಿ ನಿಂತ ನೀರನ್ನೂ ಚೆಲ್ಲುವುದಿಲ್ಲ, ಅದರಲ್ಲೇ ಹಿಟ್ಟು ಕಲಸುತ್ತೇನೆ. ಉಪ್ಪು ಆಗಲೇ ಅದರಲ್ಲಿ ಇಳಿದಿರುತ್ತದೆ, ಮತ್ತೆ ಹಾಕುವ ಮೊದಲು ನಾಲಿಗೆಗೆ ಇಟ್ಟು ನೋಡಬೇಕು. ರೊಟ್ಟಿಯ ಅಂಚು ಸ್ವಲ್ಪ ಹುಳಿ, ಸ್ವಲ್ಪ ಸಿಹಿ ಇರುತ್ತದೆ. ಅಮ್ಮ ಎರಡು ಹಾಕಿಸಿಕೊಳ್ಳುತ್ತಾಳೆ.